ಎರಡನೇ ಗುಂಪಿನ ಕಮಲಿ

ದಾಂಡೇಲಿ, ೧೯೬೪

ಮನೋವಿಜ್ಞಾನ ಸಂಶೋಧನಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಪ್ರಯೋಗ ಮುಗಿಯಿತು; ಅರ್ಧ ತರಗತಿಯನ್ನು ಇಲ್ಲೇ ಮರೆತು ಹೋಗಿದ್ದೀರಿ. ಖಾಸಗಿಯಾಗಿ ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಪತ್ರಿಕೆಯ ಮೂಲಕ ನೆನಪಿಸುತ್ತಿದ್ದೇನೆ.

ಬೇಸಿಗೆಯ ತರಬೇತಿಯಲ್ಲಿ ನಮಗೆ ಸಂಶೋಧನಾ ವಿಧಾನ ಕಲಿಸಿದವರು ನೀವೇ. ಹೊಸ ಪದ್ಧತಿಯ ಗುಣ ತಿಳಿಯಬೇಕಾದರೆ ಅದನ್ನು ಒಂದು ಗುಂಪಿಗೆ ಕೊಡಬೇಕು, ಇನ್ನೊಂದಕ್ಕೆ ಕೊಡಬಾರದು. ಯಾರು ಯಾವ ಗುಂಪಿಗೆಂದು ಚೀಟಿ ಎತ್ತಿ ನಿರ್ಧರಿಸಬೇಕು. ಈ ತರ್ಕವನ್ನು ಆಗಲೂ ಒಪ್ಪಿದ್ದೆ, ಈಗಲೂ ಒಪ್ಪುತ್ತೇನೆ. ಚಿತ್ರಪಟಗಳಿಂದ ಓದು ಕಲಿಸುವ ನಿಮ್ಮ ಪ್ರಯೋಗಕ್ಕೆ ಅಂಬೇವಾಡಿಯ ನನ್ನ ಶಾಲೆಯಲ್ಲಿ ಹಾಗೆಯೇ ಚೀಟಿ ಎತ್ತಿದೆವು. ಮರದ ಡಿಪೋದಲ್ಲಿ ಕೂಲಿ ಮಾಡುವ ಗೋದುಬಾಯಿಯ ಇಬ್ಬರು ಹೆಣ್ಣುಮಕ್ಕಳೂ ಒಂದೇ ತರಗತಿಯಲ್ಲಿದ್ದರು. ಅಕ್ಕ ಶಾಂತಿಗೆ ಚಿತ್ರಪಟದ ಗುಂಪು ಬಂತು, ತಂಗಿ ಕಮಲಿಗೆ ಹಳೆಯ ಪಾಠದ ಗುಂಪು.

“ಒಬ್ಬಾಕಿಗೆ ಕೊಟ್ಟು ಒಬ್ಬಾಕೀನ ಬಿಡೂದು ಇದ್ಯಾವ ರೀತಿರೀ, ಅಕ್ಕೋರ?” ಎಂದು ಗೋದುಬಾಯಿ ಕೇಳಿದಳು. ಪ್ರಯೋಗ ಮುಗಿದ ಮೇಲೆ ಎಲ್ಲರಿಗೂ ಕಲಿಸುತ್ತೇವೆ ಎಂದು ನೀವು ಕೊಟ್ಟ ಮಾತನ್ನೇ ಅವಳಿಗೆ ಹೇಳಿ ಕಳಿಸಿದೆ.

ಶಾಂತಿ ಬೇಗನೆ ಓದತೊಡಗಿದಳು. ಮನೆಯಲ್ಲಿ ತಂಗಿಯನ್ನು ಕೂರಿಸಿಕೊಂಡು ತಾನೇ ಕಲಿಸಲೂ ಹೊರಟಳು. ಸುದ್ದಿ ನಿಮ್ಮ ಸಹಾಯಕರ ಕಿವಿಗೆ ಬಿತ್ತು. “ತಂಗಿಗೆ ಹೇಳಿಕೊಟ್ಟರೆ ಪ್ರಯೋಗ ಕೆಡುತ್ತದೆ” ಎಂದು ತರಗತಿಯೆದುರೇ ಅವಳನ್ನು ಗದರಿದರು. ವಿಧಾನದ ಪ್ರಕಾರ ಅವರ ಮಾತು ಸರಿಯೇ. ಅಕ್ಕ ತಂಗಿಗೆ ಅಕ್ಷರ ತೋರಿಸುವುದೂ ಅಪರಾಧವಾಗುವಷ್ಟು ವಿಜ್ಞಾನ ನಮ್ಮ ಊರಿಗೆ ಬಂತಲ್ಲ ಎಂದು ನಾನು ಹೆಮ್ಮೆಪಡಬೇಕಿತ್ತೇನೋ! ಹುಡುಗಿ ಹೆದರಿ ನಿಲ್ಲಿಸಿಬಿಟ್ಟಳು.

ನಿಮ್ಮ ಪದ್ಧತಿ ಗೆದ್ದಿತು. ಅಭಿನಂದನೆಗಳು. ನಿಮ್ಮವರು ಚಿತ್ರಪಟಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೊರಟರು. ಎರಡನೇ ಗುಂಪಿನ ಸರದಿ ಯಾವಾಗ ಎಂದು ಕೇಳಿದ್ದಕ್ಕೆ, ಅದು ಯೋಜನೆಯಲ್ಲಿಲ್ಲ ಎಂದರು. ಹಾಗಾದರೆ ನನ್ನ ಬಾಯಿಂದ ಆ ತಾಯಿಗೆ ಹೇಳಿಸಿದ್ದು ಏನು?

ಮೊನ್ನೆ ಶಾಂತಿ ತಂಗಿಯನ್ನೂ ಕರೆದುಕೊಂಡು ಬಂದು, “ಅಕ್ಕೋರ, ಈಗರೆ ತಂಗಿಗೆ ಕಲಸ್ಲೇನ್ರಿ?” ಎಂದಳು. ಅನುಮತಿ ಕೇಳುತ್ತಿದ್ದಳು, ಮಾನ್ಯರೇ! ಹೂಂ ಎಂದು ತಲೆಯಾಡಿಸಿದೆ. ಆದರೆ ಅಕ್ಕ ಮುಂದಿಟ್ಟ ಪುಸ್ತಕವನ್ನು ಕಮಲಿ ಆಚೆ ದೂಡಿದಳು. “ನಾ ದಡ್ಡಿ ಅದೀನ್ರಿ. ಅದಕ್ಕ ಸಾಹೇಬ್ರು ನನಗ ಕಲಸಬ್ಯಾಡ ಅಂದ್ರು.” ಈಗ ಅವಳು ಶಾಲೆ ಬಿಟ್ಟು ತಾಯಿಯ ಜೊತೆ ಡಿಪೋಗೆ ಹೋಗುತ್ತಾಳೆ.

ಚಿತ್ರಪಟಗಳನ್ನು ಕೂಡಲೇ ವಾಪಸು ಕಳಿಸಿ. ಅಷ್ಟೇ ಸಾಲದು, ನೀವೂ ಬನ್ನಿ. ನೀನು ದಡ್ಡಿಯಲ್ಲ ಎಂದು ಆ ಹುಡುಗಿಯ ಮುಂದೆ ನಿಂತು ಹೇಳಿ. ನಾನು ಹೇಳಿ ನೋಡಿದೆ. ಅಕ್ಕೋರು ಸಮಾಧಾನಕ್ಕೆ ಹೇಳುತ್ತಾರೆ ಅಂದುಕೊಂಡು ಸುಮ್ಮನೆ ನಗುತ್ತಾಳೆ.

ಇಂತಿ,
ನಿಮ್ಮಿಂದಲೇ ವಿಧಾನ ಕಲಿತು ಬಂದ,
ಮಾಲವ್ವ,
ಪ್ರಾಥಮಿಕ ಶಾಲಾ ಶಿಕ್ಷಕಿ, ಅಂಬೇವಾಡಿ