ಗುಲಾಬಿ ಹೂವಿನ ಗವಸು

ದೊಮ್ಮಲೂರು
25 ಮೇ 2025

ಪ್ರೀತಿಯ ಶೀಬಾ,

ಹೇಗಿದ್ದೀಯ ಎಂದು ಕೇಳಲೂ ಸಂಕೋಚವಾಗುತ್ತದೆ. ನಿನ್ನ ಅಮ್ಮೀಯ ನಲವತ್ತನೆಯ ದಿನದ ಫಾತಿಹಾಕ್ಕೂ ನಾನು ಬರಲಿಲ್ಲ. ಇಲ್ಲಿಂದ ಲಿಂಗರಾಜಪುರ ಏನು ಮಹಾ ದೂರ, ಒಂದು ಆಟೊ. ನೀನು ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮಾತಾಡಿದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಎಷ್ಟು ಬೇಕಾದರೂ ಬೈಯಿ.

ಏಪ್ರಿಲ್‌ನ ಆ ಮಧ್ಯಾಹ್ನ ನೀನು ಕೆಳಗೆ ಹೊಲಿಗೆ ಅಂಗಡಿಯಲ್ಲಿದ್ದಾಗ, ಮೇಲೆ ಮಲಗಿದ್ದ ಅಮ್ಮೀಯ ಆಕ್ಸಿಜನ್ ಮೆಷಿನ್ ನಿಂತುಹೋಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, "ಸೀತಾ, ಧೂಳು ಕೂರ್ಬಾರ್ದು ಅಂತ ಗವಸು ಹೊಲ್ದು ಹಾಕ್ದೆ ಕಣೇ. ಅದಕ್ಕೇ ಮೆಷಿನ್ ಬಿಸಿಯಾಗಿ ನಿಂತೋಯ್ತು. ಅಮ್ಮೀನ ನಾನೇ ಕೊಂದ್ಬಿಟ್ಟೆ" ಅಂದೆಯಲ್ಲ. ಅದು ಸುಳ್ಳು ಶೀಬಾ.

ನನ್ನ ಕೆಲಸ ನಿನಗೆ ಗೊತ್ತು. ನಮ್ಮ ಕಂಪನಿಯ ಈ ಮೆಷಿನ್ ಒಳಗೆ ಯಾವ ಭಾಗ ಎಷ್ಟು ಬಿಸಿಯಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕುವುದು, ಆ ಬಿಸಿ ಹೊರಹೋಗಲು ದಾರಿ ಮಾಡುವುದು. ಮಿತಿ ಮೀರಿದರೆ ಸರ್ಕ್ಯೂಟ್ ಸುಟ್ಟುಹೋಗದಂತೆ ಮೆಷಿನ್ ತಾನಾಗಿ ನಿಲ್ಲುತ್ತದೆ. ಆ ಮಿತಿ ಇಟ್ಟವಳೂ ನಾನೇ. ಹದಿನೆಂಟು ವರ್ಷದಿಂದ ಇದೇ ಬಿಸಿ, ಇದೇ ಫ್ಯಾನು. ಸಾಕಾಗಿಹೋಗಿದೆ.

ಮೆಷಿನ್ ನಮ್ಮ ಕಂಪನಿಗೆ ವಾಪಸ್ ಬಂದಾಗ ಗವಸೂ ಜೊತೆಗಿತ್ತು. ಮೂಲೆಯಲ್ಲಿ ಗುಲಾಬಿ ಹೂವು. ಗಾಳಿಯಾಡುವ ಹಿಂದಿನ ಜಾಲರಿ ಮುಚ್ಚದಂತೆ ನೀನು ಅದರ ಅಳತೆಗೆ ಸರಿಯಾಗಿ ಬಟ್ಟೆ ಕತ್ತರಿಸಿ ತೆಗೆದು ಅಂಚು ಹೊಲಿದಿದ್ದೆ, ಟೈಲರ್ ಬುದ್ಧಿ. ನಾನು ಗವಸು ಹಾಕಿಯೇ ಮೂವತ್ತು ಡಿಗ್ರಿಯಲ್ಲಿ ಇಡೀ ದಿನ ಓಡಿಸಿದೆ, ನಿಲ್ಲಲಿಲ್ಲ. ಆಮೇಲೆ, ಮಳೆ ಶುರುವಾಗುವ ಮೊದಲು, ನಿನ್ನ ತಮ್ಮ ಓವೈಸ್ ಕೈಗೆ ನನ್ನ ಥರ್ಮಾಮೀಟರ್ ಕೊಟ್ಟು ಅಮ್ಮೀಯ ಕೋಣೆಯಲ್ಲಿ ಇಡಿಸಿದೆ. ತಗಡಿನ ಸೂರಿನ ಕೆಳಗೆ ಮಧ್ಯಾಹ್ನ ಮೂರಕ್ಕೆ ನಲವತ್ತೆರಡು. ಅಷ್ಟೇ ಬಿಸಿಯಲ್ಲಿ ಗವಸಿಲ್ಲದೆ ಓಡಿಸಿದರೆ ಐವತ್ತು ನಿಮಿಷಕ್ಕೆ ನಿಂತಿತು. ನಾನು ಲೆಕ್ಕ ಹಾಕಿದ್ದು ಮೂವತ್ತೈದರ ಕೋಣೆಗೆ. ಬೆಂಗಳೂರಲ್ಲವೇ, ಮನೆಯೊಳಗೆ ಇನ್ನೆಷ್ಟಾದೀತು ಅಂದುಕೊಂಡಿದ್ದೆ.

ನಮ್ಮ ಮ್ಯಾನೇಜರ್ ಶಿಶಿರ್ ವರದಿ ಓದಿ, "ಮೇಡಂ, ಕಸ್ಟಮರ್ ಬಟ್ಟೆ ಹೊದಿಸಿದ್ರು ಅಂತ ಒಂದು ಲೈನ್ ಹಾಕ್ಬಿಡಿ. ಯಾರಿಗೂ ತೊಂದ್ರೆ ಇರಲ್ಲ" ಅಂದ.

"ಶೀಬಾಗೆ ಇರುತ್ತೆ" ಅಂದೆ.

ಆ ಸಾಲು ಹಾಕಲಿಲ್ಲ. ತಪ್ಪು ನನ್ನ ಲೆಕ್ಕದ್ದು ಎಂದು ಬರೆದು ಸಹಿ ಮಾಡಿದೆ. ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಕೆಲಸ ಉಳಿಯುತ್ತದೋ ಇಲ್ಲವೋ, ಯೋಚಿಸಲೂ ಶಕ್ತಿಯಿಲ್ಲ. ಈ ಮೆಷಿನ್ ಇರುವ ಉಳಿದ ಮನೆಗಳಿಗೆಲ್ಲ ನಾಳೆಯಿಂದ ಫೋನ್ ಮಾಡಬೇಕು.

ನೀನು ಹೊಲಿಗೆ ಮೆಷಿನ್ ಮುಟ್ಟಿಯೇ ಇಲ್ಲವಂತೆ, ಓವೈಸ್ ಹೇಳಿದ. ಮುಟ್ಟು. ನಿನ್ನ ಕೈಯಲ್ಲಿ ಯಾವ ತಪ್ಪೂ ಆಗಿಲ್ಲ. ಅಮ್ಮೀ ಮಲಗಿರುವ ಜಾಗ ತಣ್ಣಗಿರಲಿ. ನಿನಗೂ ಒಂದಿಷ್ಟು ನಿದ್ದೆ ಬರಲಿ.

ನಿನ್ನ,
ಸೀತಾಲಕ್ಷ್ಮಿ

ತಾ.ಕ.: ವರದಿಯಲ್ಲಿ ಬರೆಯದ ಮಾತೊಂದಿದೆ. ಜನವರಿಯಲ್ಲಿ ಮೆಷಿನ್ ಇಡಲು ಬಂದಾಗಲೇ ಆ ತಗಡು ನೋಡಿದ್ದೆ. ಆಗಲೂ ಕೋಣೆ ಕಾದಿತ್ತು. ಇದೇ ಥರ್ಮಾಮೀಟರನ್ನು ಬ್ಯಾಗಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದೆ. ಅಷ್ಟರಲ್ಲಿ ಅಮ್ಮೀ ನನಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿದ ಶಾವಿಗೆ ತಂದು, "ಮನೆ ಚಿಕ್ದು ಬೇಟಾ, ಬೇಜಾರ್ ಮಾಡ್ಕೋಬೇಡ" ಅಂದರು. ಅವರ ಎದುರಿಗೇ ಅವರ ಮನೆಯ ಸೆಕೆ ಅಳೆಯಲು ನಾಚಿಕೆಯಾಯಿತು. ಥರ್ಮಾಮೀಟರನ್ನು ಬ್ಯಾಗಿಗೆ ಹಾಕಿ, "ತಣ್ಣಗೇ ಇದೆ ಅಮ್ಮೀ" ಅಂದೆ.