ಬಿನ್ನವತ್ತಳೆಯ ಒಂದು ಸಾಲು

ಹಾನಗಲ್,
ಗುರುವಾರ, ೨೧ ನವೆಂಬರ್ ೨೦೨೪

ಪ್ರೀತಿಯ ಸುಧಾರಾಣಿ ಅತ್ತಿಯವರಿಗೆ, ಶ್ವೇತಾಳ ನಮಸ್ಕಾರ.

ಹೇಗಿದ್ದೀರಿ? ಕೋಲ್ಕತ್ತಾದಲ್ಲಿ ಥಂಡಿ ಶುರುವಾಯಿತೇ? ನಿಮ್ಮ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಅಜ್ಜಿ ಹೇಳಿದಳು. ಆದರೆ ಅಜ್ಜಿಗೆ ನೀವು ಯಾವಾಗಲೂ ಹಾಗೇ ಹೇಳುತ್ತೀರಿ, ನನಗಾದರೂ ಖರೇ ಹೇಳಿ. ಇಲ್ಲಿ ಎಲ್ಲರೂ ಆರಾಮ. ನಾನು ಹೊಟ್ಟೆನೋವೆಂದು ಹಾಸ್ಟೆಲ್‌ನಿಂದ ಬಂದಿದ್ದೇನೆ, ಅಂಥದ್ದೇನಿಲ್ಲ. ಐದನೇ ಇಯತ್ತೆಯಿಂದ ಇಂಗ್ಲಿಷ್ ಹಾಸ್ಟೆಲ್‌ನಲ್ಲಿ ಬೆಳೆದವಳು, ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು; ಒತ್ತಕ್ಷರ ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ. ಫೋನ್ ಮಾಡಬಹುದಿತ್ತು, ಆದರೆ ನಿಮ್ಮ ಕಾಲ್ ಎಂದರೆ ಅಪ್ಪ ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತಾನೆ.

ಪ್ರಶಸ್ತಿ ಬಂದದ್ದಕ್ಕೆ ಡಿಸೆಂಬರ್ ಎಂಟರ ರವಿವಾರ ಊರಿನವರು ನಿಮಗೆ ಮಾಡುವ ಸತ್ಕಾರದಲ್ಲಿ ಬಿನ್ನವತ್ತಳೆ ಬರೆದು ಓದುವ ಕೆಲಸ ನನಗೆ ಬಿದ್ದಿದೆ. ನಿಮಗೆ ಕಲಿಸಿದ ಕರಬಸಪ್ಪ ಮಾಸ್ತರರು ಮನೆಗೇ ಬಂದು, "ಅತ್ತಿನೂ ಫಿಜಿಕ್ಸು, ಸೊಸಿನೂ ಫಿಜಿಕ್ಸು. ನೀನಲ್ಲದ ಮತ್ಯಾರು ಬರೀಬೇಕವ್ವಾ?" ಎಂದರು. ನಿಮ್ಮ ಪ್ರಶಸ್ತಿಯ ಸೈಟೇಶನ್ ಓದಿದೆ, ಸರಿಯಾಗಿ ತಿಳಿದದ್ದು ನಿಮ್ಮ ಹೆಸರೊಂದೇ. ಧಾರವಾಡ, ಪುಣೆ, ಕೋಲ್ಕತ್ತಾ ಎಂದು ನಿಮ್ಮ ಜೀವನವನ್ನು ಬಸ್ಸಿನ ಬೋರ್ಡಿನ ಹಾಗೆ ಬರೆದೆ. ಹರಿಯುತ್ತಿರುವ ಕಾಳುಗಳು ಇದ್ದಕ್ಕಿದ್ದಂತೆ ಯಾಕೆ ಸಿಕ್ಕಿಕೊಂಡು ನಿಲ್ಲುತ್ತವೆ ಎಂಬುದಕ್ಕೆ ಅತ್ತಿ ಗಣಿತ ಕಟ್ಟಿದ್ದಾರೆ ಎಂದು ಸೇರಿಸಿದೆ. ಮಾಸ್ತರರು ಓದಿ, "ಇದನ್ನ ಎಲ್ಲಿ ಮಾಡಿ ನೋಡ್ಯಾಳ?" ಎಂದರು. ಎಲ್ಲಿಯೂ ಇಲ್ಲ, ಅತ್ತಿ ಥಿಯರಿಯವರು, ಪ್ರಯೋಗ ಬೇರೆಯವರು ಮಾಡುತ್ತಾರೆ ಎಂದೆ. ಅಕ್ಕಿ ಆರಿಸುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. "ಮತ್ತ? ಪ್ರಾಕ್ಟಿಕಲ್‌ನ್ಯಾಗ ನಪಾಸ್ ಆಗಿದ್ಲಲ್ಲ, ಅದಕ್ಕ ಥಿಯರಿ ಹಿಡದ್ಲು."

ಅಪ್ಪ ಚಹಾದ ಕಪ್ಪು ಕೆಳಗಿಟ್ಟ. ಅಜ್ಜಿ ನಿಲ್ಲಲಿಲ್ಲ. ಬಿ.ಎಸ್ಸಿ. ಮೊದಲ ವರ್ಷ ನೀವು ಲ್ಯಾಬಿನಲ್ಲಿ ಥರ್ಮಾಮೀಟರ್ ಒಡೆದು, ಗಾಬರಿಯಲ್ಲಿ ಎಲ್ಲ ರೀಡಿಂಗ್ ತಪ್ಪು ಬರೆದು ನಪಾಸಾದಿರಂತೆ. ಊರಿಗೆ ಬಂದು ಯಾರೊಡನೆಯೂ ಮಾತಾಡಲಿಲ್ಲವಂತೆ. ಅಜ್ಜ "ಮುಂದಿನ ಸಲ ಒಡೀಬ್ಯಾಡ" ಎಂದಷ್ಟೇ ಹೇಳಿ ಬಸ್ ಹತ್ತಿಸಿದನಂತೆ. ಅಜ್ಜಿ ಇದನ್ನು ಹೆಮ್ಮೆಯಿಂದಲೇ ಹೇಳುತ್ತಾಳೆ. ಥಿಯರಿ ಎಂದರೆ ಪ್ರಾಕ್ಟಿಕಲ್ ಒಲಿಯದವರಿಗೆ ಸರ್ಕಾರ ಮಾಡಿಕೊಟ್ಟ ಇನ್ನೊಂದು ದಾರಿ ಎಂದು ಅವಳು ಇಷ್ಟು ವರ್ಷ ತಿಳಿದಿದ್ದಾಳೆ, ಅತ್ತಿ! ನಾನು ನಗಬೇಕಿತ್ತು. ಬದಲಿಗೆ ಪೆನ್ನು ಎತ್ತಿಕೊಂಡು ‘ಮೊದಲ ವರ್ಷ ನಪಾಸಾಗಿ, ಮತ್ತೆ ಕುಳಿತು ಪಾಸಾದವರು’ ಎಂದು ಬರೆದುಬಿಟ್ಟೆ.

ಅಪ್ಪ ಆ ಸಾಲು ನೋಡಿದವನೇ ಗೆರೆ ಎಳೆದ. "ಸ್ಟೇಜಿನ ಮ್ಯಾಲ ನಪಾಸು ಅಂತಾರೇನ? ನಮ್ಮ ಮನಿತನದಾಗ ಯಾರೂ ನಪಾಸ್ ಆಗಿಲ್ಲ." ಮಾಸ್ತರರು ಆ ಜಾಗದಲ್ಲಿ ‘ಬಾಲ್ಯದಿಂದಲೇ ಅಪ್ರತಿಮ ಪ್ರತಿಭೆ’ ಎಂದು ಬರೆಸಿದರು. ಅಜ್ಜಿ ಒಬ್ಬಳೇ, "ಈಗ ಅಳಸಿದ್ರ ಅವತ್ತ ಪಾಸ್ ಆಗಿದ್ಲು ಅಂತ ಆಗ್ತದೇನ?" ಎಂದು ಬೆನ್ನು ಹತ್ತಿದ್ದಾಳೆ. ಊಟದ ಹೊತ್ತಿಗೂ ಇದೇ ಜಗಳ.

ಮುಂದಿನ ಶನಿವಾರ ಪ್ರಿಂಟಿಗೆ ಕೊಡಬೇಕು. ಅದು ನಿಮ್ಮ ಜೀವನದ ಮಾತು, ತೀರ್ಮಾನ ನಿಮ್ಮದು; ಬೇಡವೆಂದರೆ ಆ ಸಾಲು ಬಿಡುತ್ತೇನೆ. ಇರಲಿ ಎನ್ನುವುದಾದರೆ ಅಪ್ಪನಿಗೆ ನೀವೇ ಹೇಳಿ, ಅಕ್ಕನ ಮಾತು ಅವನು ಮೀರುವುದಿಲ್ಲ.

ಅಜ್ಜಿಯ ಆಶೀರ್ವಾದಗಳು. ನೀವು ಬಿಟ್ಟುಹೋದ ಓದುವ ಚಾಳೀಸು ದೇವರ ಮಾಡದಲ್ಲಿ ಭದ್ರವಾಗಿದೆ ಎಂದು ಅವ್ವ ಹೇಳಲು ಹೇಳಿದ್ದಾಳೆ.

ನಿಮ್ಮ ಸೊಸೆ,
ಶ್ವೇತಾ

ತಾ.ಕ.: ಪೋಸ್ಟಿಗೆ ತಾನೇ ಹಾಕುತ್ತೇನೆಂದು ಅಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಅತ್ತಿ, ನನ್ನ ಮೊದಲ ಇಂಟರ್ನಲ್ಸ್ ರಿಸಲ್ಟ್ ಬಂದಿದೆ. ಫಿಜಿಕ್ಸ್‌ನಲ್ಲಿ ನಪಾಸು. ಪ್ರಾಕ್ಟಿಕಲ್ ಅಲ್ಲ, ಥಿಯರಿ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಸತ್ಕಾರದ ದಿನ ಅಪ್ಪ ಎದುರಿಗೇ ಕುಳಿತಿರುತ್ತಾನೆ. ಜನ ಆ ಸಾಲಿಗೂ ಚಪ್ಪಾಳೆ ಹೊಡೆಯುವುದನ್ನು ಅವನು ಕೇಳಬೇಕು, ಆಮೇಲೆ ನನ್ನದನ್ನು ಹೇಳುತ್ತೇನೆ. ಇರಲಿ ಅನ್ನಿ, ಅತ್ತಿ.