ನಾಲ್ಕು ಕೆಲ್ವಿನ್‌ನಲ್ಲಿ ತಿರುಗಬೇಕಾದ ಮೋಟಾರು

ಮಾರ್ಚ್ 4, ಬೆಳಿಗ್ಗೆ

ಮತ್ತೆ ಮೋಟಾರು. ಟೇಬಲ್ ಮೇಲೆ ಮೂರಿವೆ, ಒಂದೊಂದೂ ಬೆರಳ ತುದಿಯಷ್ಟು. ಬಲವಾದ ಅಯಸ್ಕಾಂತದ ನಡುವೆ ಕೂರಬೇಕು, ಹಾಗಾಗಿ ಒಳಗೆ ಕಬ್ಬಿಣವಿಲ್ಲ — ವಿದ್ಯುತ್ ಕೊಟ್ಟರೆ ಹಿಗ್ಗುವ ಪಿಂಗಾಣಿ ಚೂರು, ಅಷ್ಟೆ. ದ್ರವ ಹೀಲಿಯಂನ ಚಳಿಯಲ್ಲಿ, ನಾಲ್ಕು ಕೆಲ್ವಿನ್ ಅಂದರೆ ಸೊನ್ನೆಗಿಂತ 269 ಡಿಗ್ರಿ ಕೆಳಗೆ, ಆ ಹಿಗ್ಗೂ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಇಲ್ಲಿ ಓಡುವುದು ಅಲ್ಲಿ ಕುಂಟುತ್ತದೆ. ಹಾಗಾಗಿ ವೇಗದ್ದು ಬೇಡ, ಬಲದ್ದು ಬೇಕು. ಮೂರರಲ್ಲಿ ಬಲ ಹೆಚ್ಚಿರುವ ನಡುವಿನದನ್ನು ಆರಿಸಿದೆ. ಧೈರ್ಯ ಸಾಲದು, ಆದರೂ ಆರಿಸಿದೆ.

ವರ್ಕ್‌ಶಾಪಿನ ಹಿರಿಯ ಒಬಾತ ಸಾನ್ ಬಂದರು. ಕೈಯಲ್ಲಿ ಎಂದಿನ ರೇಷ್ಮೆ ದಾರ, ತುದಿಯಲ್ಲಿ ಪುಟ್ಟ ಅಯಸ್ಕಾಂತ. ಮೋಟಾರಿನ ಮೇಲೆ ತೂಗಿದರು, ಕದಲಲಿಲ್ಲ. ಜೊತೆಗೆ ಬಂದ ಸ್ಕ್ರೂಗಳತ್ತ ಮಾತ್ರ ವಾಲಿತು.

"ಮೋಟಾರು ಸಾಚಾ. ಸ್ಕ್ರೂ ಕಳ್ಳ."

"ಪೊಟ್ಟಣದ ಮೇಲೆ ಅಯಸ್ಕಾಂತಕ್ಕೆ ಅಂಟದ ಸ್ಟೀಲು ಅಂತ ಬರೆದಿದ್ಯಲ್ಲ!"

"ನಂಗೆ ಹೆಣ್ಣು ನೋಡೋವಾಗ, ಹುಡುಗ ಕುಡಿಯಲ್ಲ ಅಂತಲೂ ಬರೆದಿತ್ತು ಕಣಮ್ಮ ಹಿಜುಮೆ."

ಊಟದ ಹೊತ್ತಿಗೆ ನಾಲ್ಕು ಹಿತ್ತಾಳೆ ಸ್ಕ್ರೂ ಲೇತ್‌ನಲ್ಲಿ ಕಡೆದು ತಂದರು. ಅವು ಕೈಗೆ ಇನ್ನೂ ಬೆಚ್ಚಗಿದ್ದವು. ಎಷ್ಟು ಇಷ್ಟ ನನಗೆ ಈ ಮುದುಕ.

ಮಾರ್ಚ್ 12

ಮೋಟಾರನ್ನು ಒಬಾತ ಸಾನ್ ಅವರ ತಿರುಗುಪೀಠಕ್ಕೆ, ಪ್ರಯೋಗದ ಚೂರನ್ನು ಚಳಿಯಲ್ಲಿ ತಿರುಗಿಸುವ ತಟ್ಟೆಗೆ, ಕೂರಿಸಿದ್ದಾಯಿತು. ಒಂಬತ್ತು ವರ್ಷ ಅವರೇ ತಿದ್ದಿ ತೀಡಿದ ಪೀಠ. 31ಕ್ಕೆ ಅವರ ನಿವೃತ್ತಿ. ಅಷ್ಟರೊಳಗೆ ಅದು ಚಳಿಯಲ್ಲಿ ತಿರುಗುವುದನ್ನು ನೋಡಬೇಕು ಅವರು. ಏಪ್ರಿಲ್‌ನಲ್ಲಿ ಹೀಲಿಯಂ ಘಟಕಕ್ಕೆ ರಿಪೇರಿ. ಅದಕ್ಕೆ ಮುಂಚೆ ಎರಡು ಸಲ ತಣ್ಣಗಾಗಿಸುವಷ್ಟೇ ಹೀಲಿಯಂ ನಮ್ಮ ಪಾಲಿಗೆ.

ಚಳಿಪಾತ್ರೆಗೆ ಇಳಿಸುವ ಮುಂಚೆ, ಹೊರಗೆ ಚೆನ್ನಾಗಿ ತಿರುಗಿತು. ಪಾತ್ರೆಗಿಳಿಸಿ ಮುಚ್ಚುವ ಕೆಲಸ ಅವರಿಗೆ ಬಿಟ್ಟು ಮೀಟಿಂಗಿಗೆ ಓಡಿದೆ.

ಮಾರ್ಚ್ 15

ತಿರುಗಲಿಲ್ಲ.

ವೋಲ್ಟೇಜ್ ಏರಿಸಿದೆ... ಇಲ್ಲ. ನನ್ನ ಆಯ್ಕೆಯೇ ತಪ್ಪಿತೇನೋ. ಒಬಾತ ಸಾನ್ ಒಂದು ಒನಿಗಿರಿ, ಅನ್ನದುಂಡೆ, ಕೈಗಿಟ್ಟು, "ಮೊದಲು ತಿನ್ನು. ಮೋಟಾರಿಗೂ ನಾಚಿಕೆ ಇರುತ್ತೆ" ಅಂದರು. ಅರ್ಧ ತಿಂದು ಮತ್ತೆ ವೋಲ್ಟೇಜ್ ನೋಡಿದೆ.

ಮಾರ್ಚ್ 18

ಪಾತ್ರೆ ಬಿಸಿಯಾದ ಮೇಲೆ ಒಬ್ಬಳೇ ತೆರೆದೆ. ಮೋಟಾರು ಸರಿಯಿದೆ. ಪೀಠದ ಬೇರಿಂಗ್ ಮುಟ್ಟಿದರೆ ಬೆರಳಿಗೆ ಜಿಡ್ಡು. ಮೂಸಿದೆ. ಮೆಷಿನ್ ಎಣ್ಣೆ. ಪಕ್ಕದಲ್ಲೇ ಹೆಬ್ಬೆರಳ ಗುರುತು, ನಡುವೆ ಹಳೇ ಗಾಯದ ಗೆರೆ — ಒಬಾತ ಸಾನ್ ಅವರದೇ.

ಹೊಸ ಯಂತ್ರ ಶುರು ಮಾಡುವ ಮುಂಚೆ ಒಂದು ಹನಿ ಎಣ್ಣೆ. ವರ್ಕ್‌ಶಾಪಿನ ಪದ್ಧತಿ. ನಲವತ್ತೊಂದು ವರ್ಷ ದುಡಿದ ಕೈ, ತಲೆಯನ್ನು ಕೇಳದೆ ಹಾಕಿಬಿಟ್ಟಿದೆ. ಆ ಚಳಿಯಲ್ಲಿ ಎಣ್ಣೆ ಕಲ್ಲು.

ಒರೆಸಿದೆ. ಆಲ್ಕೋಹಾಲ್‌ನಲ್ಲಿ ಮೂರು ಸಲ ತೊಳೆದೆ. ಅಳು ಬಂತು, ಯಾಕೋ.

"ಏನಾಗಿತ್ತು?" ಅಂತ ಒಬಾತ ಸಾನ್ ಬಂದು ಕೇಳಿದರು.

"ನಂದೇ ತಪ್ಪು. ಸರಿಯಾಗಿ ತೊಳೆದಿರ್ಲಿಲ್ಲ."

ನನ್ನ ಕೈಯತ್ತ ಒಮ್ಮೆ ನೋಡಿ ವರ್ಕ್‌ಶಾಪಿಗೆ ಹೋದರು.

ಮಾರ್ಚ್ 19

ನನ್ನ ಟೇಬಲ್ ಮೇಲೆ ಅವರ ಎಣ್ಣೆ ಡಬ್ಬಿ. ಸದಾ ಕೋಟಿನ ಬಲಜೇಬಲ್ಲಿ ಇರುತ್ತಿದ್ದದ್ದು. ಖಾಲಿ. ಒಳಗೂ ತೊಳೆದಿದ್ದಾರೆ.

ಹಿಂದೆಯೇ ನಿಂತಿದ್ದರು. ಸೊಂಟ ಬಗ್ಗಿಸಿ ನಮಸ್ಕರಿಸಿದರು — ನನಗೆ!

"ಅಯ್ಯೋ, ಏಳಿ ಒಬಾತ ಸಾನ್!"

"ನಿನ್ನ ಕೈಯಲ್ಲಿ ನನ್ನ ಎಣ್ಣೆ ವಾಸನೆ. ನಂಗೆ ಗೊತ್ತಾಗಲ್ವೇನಮ್ಮ? ಸುಳ್ಳು ಹೇಳೋಕೂ ಬರಲ್ಲ ನಿಂಗೆ." ಡಬ್ಬಿಯನ್ನು ನನ್ನತ್ತ ಸರಿಸಿ, "ಈ ಸಲ ನೀನೇ ಮುಚ್ಚು. ನನ್ನ ಹತ್ರ ಬಿಡ್ಬೇಡ."

"ಬಿಡ್ತೀನಿ. ಪಕ್ಕದಲ್ಲಿ ನಾನಿರ್ತೀನಿ."

ಮಾರ್ಚ್ 31, ಮಧ್ಯಾಹ್ನ 3

ನಾಲ್ಕು ಕೆಲ್ವಿನ್. ಬೀಳ್ಕೊಡಲು ಹೂಗುಚ್ಛ ಹಿಡಿದವರೆಲ್ಲ ಹೊರಗೆ ಕಾಯುತ್ತಿದ್ದಾರೆ. ಒಬಾತ ಸಾನ್ ಟೈ ಕಟ್ಟಿದ್ದಾರೆ, ಸೊಟ್ಟಗೆ. ಅವರಿಂದಲೇ ಸ್ವಿಚ್ ಒತ್ತಿಸಿದೆ.

ಪರದೆಯಲ್ಲಿ ಪೀಠದ ಕೋನ ಅರ್ಧ ಡಿಗ್ರಿ. ಒಂದು. ಎರಡು... ತಿರುಗುತ್ತಿದೆ!

ಅವರು ಪರದೆಗೆ ಮುಖ ಹತ್ತಿರ ತಂದರು. ಬಲಗೈ ತಾನಾಗಿ ಎಣ್ಣೆ ಡಬ್ಬಿಯಿಲ್ಲದ ಜೇಬಿಗೆ ಹೋಗಿ ತಡಕಿತು. ನಾನು ಆ ಕೈ ಹಿಡಿದುಕೊಂಡೆ; ಪೀಠ ತಿರುಗುತ್ತಲೇ ಇತ್ತು.